ವಾಕಿಂಗ್ ಜೊತೆಗೇ ಪಾರ್ಕಿನ ಕೆಲಸ: ಬಳ್ಳಾರಿಯಲ್ಲಿ ಗುಂಪು ಕಟ್ಟುವುದು ಹೇಗೆ?

“ನಮ್ಮ ಏರಿಯಾ ಪಾರ್ಕ್ ಹಾಳು ಬಿದ್ದಿದೆ. ನಾವು ಹತ್ತು ಜನ ದಿನಾ ಅಲ್ಲೇ ವಾಕಿಂಗ್ ಮಾಡ್ತೀವಿ. ನಾವೇ ಏನಾದ್ರೂ ಮಾಡಬಹುದಾ?” ಮಳೆಗಾಲ ಹತ್ತಿರ ಬಂದರೆ ಸಾಕು, ಬಳ್ಳಾರಿಯ ಓದುಗರು ಇದನ್ನೇ ಕೇಳುತ್ತಾರೆ. ಖಂಡಿತ ಮಾಡಬಹುದು. ಹಾಗೆ ಮಾಡಿದರೆ ಪಾರ್ಕಿಗೂ ಒಳ್ಳೆಯದು, ನಿಮ್ಮ ಮೈಗೂ ಒಳ್ಳೆಯದು.

ನಮ್ಮೂರಲ್ಲಿ ಗಿಡ ನೆಡುವುದಕ್ಕೆ ಜನ ಬೇಕಾದಷ್ಟು ಸಿಗುತ್ತಾರೆ. ಏಪ್ರಿಲ್ ತಿಂಗಳಲ್ಲಿ ಅದೇ ಗಿಡಕ್ಕೆ ನೀರು ಹಾಕಲು ಯಾರೂ ಸಿಗುವುದಿಲ್ಲ. ಗಿಡಕ್ಕೆ ಬೇಕಾದದ್ದು ಒಂದು ದಿನ ಬರುವ ನೂರು ಜನ ಅಲ್ಲ, ವಾರ ವಾರ ತಪ್ಪದೆ ಬರುವ ಹತ್ತು ಜನ. ಆ ಹತ್ತು ಜನ ಆಗಲೇ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದಾರೆ, ಅಲ್ವಾ? ಅವರ ವ್ಯಾಯಾಮವನ್ನೇ ಗಿಡದ ಕೆಲಸಕ್ಕೆ ತಿರುಗಿಸುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಹೇಳಿದ್ದೇನೆ.

ಇದು ಹೊಸದಾಗಿ ಹುಟ್ಟಿದ ಯೋಚನೆಯಲ್ಲ. ಇಂಗ್ಲೆಂಡಿನಲ್ಲಿ ವಿಲಿಯಂ ಬರ್ಡ್ ಎಂಬ ವೈದ್ಯರು 1998ರಲ್ಲಿ ‘ಗ್ರೀನ್ ಜಿಮ್’ ಶುರು ಮಾಡಿದರು. ಜಿಮ್‌ನಲ್ಲಿ ಭಾರ ಎತ್ತುವ ಬದಲು ಗಿಡ-ಮಣ್ಣಿನ ಕೆಲಸ ಮಾಡುವುದು, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮೈ ಸಡಿಲಿಸುವ ವ್ಯಾಯಾಮ ಮಾಡುವುದು, ಇಷ್ಟೇ ಅದು. ಸ್ವೀಡನ್‌ನಲ್ಲಿ 2016ರ ಸುಮಾರಿಗೆ ‘ಪ್ಲಾಗಿಂಗ್’ ಬಂತು. ಓಡುತ್ತಾ ನಡೆಯುತ್ತಾ ದಾರಿಯ ಕಸ ಹೆಕ್ಕುವುದಕ್ಕೆ ಆ ಹೆಸರು. ನಮ್ಮ ಕಡೆ ಶ್ರಮದಾನ ಬಹಳ ಹಳೆಯದು. ಪಕ್ಕದ ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು, ಜನರನ್ನು ಸೇರಿಸಿಕೊಂಡು ಹಿರೇಹಳ್ಳ ಸ್ವಚ್ಛ ಮಾಡಿಸಿದ್ದು ನಿಮಗೂ ನೆನಪಿರಬಹುದು. ಅಂಥ ದೊಡ್ಡ ಕೆಲಸಕ್ಕೆ ದೊಡ್ಡ ಮುಂದಾಳು ಬೇಕು. ಒಂದು ಪಾರ್ಕಿಗೆ ನೀವು ಹತ್ತು ಜನ ಸಾಕು.

1. ಜಾಗ ಯಾರದ್ದು ಅಂತ ಮೊದಲು ತಿಳಿದುಕೊಳ್ಳಿ

ನೋಡಲು ಎಲ್ಲ ಪಾರ್ಕೂ ಒಂದೇ ಥರ. ಆದರೆ ಕೆಲವು ಮಹಾನಗರ ಪಾಲಿಕೆಯವು, ಇನ್ನು ಕೆಲವು ಲೇಔಟ್ ಪಾರ್ಕ್‌ಗಳು ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿರುತ್ತವೆ. ಸರ್ಕಾರಿ ಶಾಲೆಯ ಆವರಣವಾದರೆ ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯನ್ನೂ, ಅಂದರೆ ಪೋಷಕರಿರುವ ಶಾಲಾ ಸಮಿತಿಯನ್ನೂ, ಕೇಳಬೇಕು. ಕೋಟೆಯ ಸುತ್ತಮುತ್ತ ಕಸ ಹೆಕ್ಕುವುದು ಬೇರೆ, ನೆಲ ಅಗೆಯುವುದು ಬೇರೆ. ಸಂರಕ್ಷಿತ ಸ್ಮಾರಕದ ಹತ್ತಿರ ಪುರಾತತ್ವ ಇಲಾಖೆಯ ಒಪ್ಪಿಗೆ ಇಲ್ಲದೆ ಸಲಿಕೆ ಹಾಕಲೇಬೇಡಿ.

ಜಾಗ ಆರಿಸುವಾಗ ಮೂರು ವಿಷಯ ನೋಡಿ. ನಿಮ್ಮಲ್ಲಿ ಹೆಚ್ಚಿನವರ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿರಬೇಕು. ಒಂದು ಬೋರ್‌ವೆಲ್ ಅಥವಾ ನೀರಿನ ತೊಟ್ಟಿ ಇರಬೇಕು. ಕುಳಿತುಕೊಳ್ಳಲು ಸ್ವಲ್ಪ ನೆರಳಿರಬೇಕು. ನೀರಿಲ್ಲದ ಜಾಗ ಎಷ್ಟೇ ಚೆನ್ನಾಗಿದ್ದರೂ ಬೇಡ. ಮನೆಯ ನಲ್ಲಿಗೇ ದಿನಾ ನೀರು ಬರದ ಊರು ನಮ್ಮದು. ಕೊಡ ಹೊತ್ತು ತಂದು ಗಿಡ ಸಾಕುತ್ತೇವೆ ಎಂಬ ಉತ್ಸಾಹ ಎರಡು ವಾರಕ್ಕೆ ಇಳಿದುಹೋಗುತ್ತದೆ.

ಇಡೀ ಪಾರ್ಕ್ ಕೈಗೆತ್ತಿಕೊಳ್ಳಬೇಡಿ. ಮೊದಲ ವರ್ಷ ಒಂದು ಮೂಲೆ, ಇಪ್ಪತ್ತು ಗಿಡ. ತಲೆಗೆ ಎರಡು ಗಿಡ ಬಂದರೆ ಸಾಕು, ಜಾಸ್ತಿ ಹೊರಿಸಬೇಡಿ.

2. ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ

ಬಿಳಿ ಹಾಳೆಯಲ್ಲಿ ಪಾಲಿಕೆ ಆಯುಕ್ತರಿಗೆ ಒಂದು ಪುಟದ ಅರ್ಜಿ ಬರೆಯಿರಿ. ವಾರ್ಡ್ ಸಂಖ್ಯೆ, ಪಾರ್ಕ್ ಇರುವ ಜಾಗ, ವಾರದ ಯಾವ ದಿನ, ಎಷ್ಟು ಹೊತ್ತಿಗೆ, ಏನೇನು ಮಾಡುತ್ತೀರಿ ಅಂತ ಬರೆಯಿರಿ. ಏನು ಮಾಡುವುದಿಲ್ಲ ಅನ್ನುವುದನ್ನೂ ಬರೆಯಿರಿ: ಮರ ಕಡಿಯುವುದಿಲ್ಲ, ಕಟ್ಟಡ ಕಟ್ಟುವುದಿಲ್ಲ, ಹಣ ಎತ್ತುವುದಿಲ್ಲ. ಈ ಸಾಲು ಇದ್ದರೆ ಅಧಿಕಾರಿಗಳಿಗೆ ಧೈರ್ಯ ಬರುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು-ಸಹಿ ಹಾಕಿಸಿಕೊಂಡು ಬನ್ನಿ. ಇದೇ ಸ್ವೀಕೃತಿ. ನಾಳೆ ಯಾರಾದರೂ “ಯಾರನ್ನ ಕೇಳಿ ಅಗೀತಿದ್ದೀರಿ?” ಅಂದರೆ ತೋರಿಸಲು ಬೇಕಾಗುತ್ತದೆ.

ಅದೇ ಅರ್ಜಿಯಲ್ಲಿ ಒಂದೇ ಒಂದು ಸಹಾಯ ಕೇಳಿ. ಕೆಲಸದ ದಿನ ಕಸದ ಗಾಡಿ ಬಂದು ಚೀಲ ಒಯ್ಯಬೇಕು, ಅಷ್ಟೇ. ಹೆಕ್ಕಿದ ಕಸ ಗೇಟಿನ ಹತ್ತಿರ ವಾರಗಟ್ಟಲೆ ಬಿದ್ದಿದ್ದರೆ ನೀವು ಮಾಡಿದ ಕೆಲಸವೇ ದೂರು ಆಗುತ್ತದೆ.

ಪಾರ್ಕಿನ ಮಾಲಿ ಮತ್ತು ಆ ಬೀದಿಯ ಪೌರಕಾರ್ಮಿಕರನ್ನು ಮೊದಲೇ ಮಾತಾಡಿಸಿ. ನೀರಿನ ವಾಲ್ವ್ ಎಲ್ಲಿದೆ, ಯಾವ ಗಿಡಕ್ಕೆ ಗೆದ್ದಲು ಬಿದ್ದಿದೆ, ಯಾವ ಪೊದೆಯಲ್ಲಿ ಹಾವು ಓಡಾಡುತ್ತದೆ ಎಲ್ಲ ಅವರಿಗೆ ಗೊತ್ತು. ನೀವು ಬಂದಿರಿ ಅಂತ ಅವರ ಕೆಲಸ ಹೋಗಬಾರದು. ಇದನ್ನು ಅವರೆದುರೇ ಸ್ಪಷ್ಟವಾಗಿ ಹೇಳಿಬಿಡಿ.

3. ದಿನ ಮತ್ತು ಹೊತ್ತು ಗೊತ್ತು ಮಾಡಿ

ವಾರಕ್ಕೆ ಎರಡು ದಿನ, ಒಂದೊಂದು ದಿನ 75 ನಿಮಿಷ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಧ್ಯಮ ಶ್ರಮ ಅಂದರೆ ಕೆಲಸ ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಗೆಯುವುದು, ನೀರು ಹೊರುವುದು, ಎಲೆ ಗುಡಿಸುವುದು ಬಹುತೇಕರಿಗೆ ಈ ಲೆಕ್ಕಕ್ಕೆ ಬರುತ್ತವೆ. ಉಳಿದ ದಿನ ನಿಮ್ಮ ವಾಕಿಂಗ್ ಇದ್ದೇ ಇದೆ.

ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂಕಾಲಕ್ಕೆ ಮುಗಿಸಿ. ಚಳಿಗಾಲದಲ್ಲಿ ಅರ್ಧ–ಮುಕ್ಕಾಲು ಗಂಟೆ ತಡವಾದರೂ ನಡೆಯುತ್ತದೆ. ಕತ್ತಲಲ್ಲಿ ಮಾತ್ರ ಯಾವ ಕಾಲದಲ್ಲೂ ಪೊದೆಗೆ ಕೈ ಹಾಕಬೇಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹೆಣ್ಣುಮಕ್ಕಳು ಬರುತ್ತಿಲ್ಲ ಅಂತ ಬಹಳ ಗುಂಪುಗಳು ಬೇಸರ ಮಾಡಿಕೊಳ್ಳುತ್ತವೆ. ಬೆಳಿಗ್ಗೆ ಆರು ಅಂದರೆ ಒಲೆ ಹಚ್ಚುವ ಹೊತ್ತು, ಡಬ್ಬಿ ಕಟ್ಟುವ ಹೊತ್ತು. ನಿಮ್ಮ ಓಣಿಗೆ ನಲ್ಲಿ ನೀರು ಬಿಡುವ ದಿನವಾಗಿದ್ದರಂತೂ ಯಾರೂ ಮನೆ ಬಿಟ್ಟು ಬರಲಾರರು. ಎರಡು ದಿನದಲ್ಲಿ ಒಂದನ್ನು ಸಂಜೆಗೆ ಇಡಿ. ಬಿಸಿಲು ಇಳಿದ ಮೇಲೆ ಶುರು ಮಾಡಿ, ಕತ್ತಲಾಗುವ ಮೊದಲು ಮುಗಿಸಿ. ಹತ್ತಿರದಲ್ಲಿ ಶೌಚಾಲಯ ಇದೆಯಾ ನೋಡಿ. ಹೊತ್ತು ಬದಲಿಸಿ ನೋಡಿ, ಸ್ವಸಹಾಯ ಸಂಘದವರನ್ನು ಕರೆಯಿರಿ, ಬರುತ್ತಾರೆ.

4. ಬರುವವರ ಆರೋಗ್ಯ ಕೇಳಿ ಇಟ್ಟುಕೊಳ್ಳಿ

ಮೊದಲ ದಿನವೇ ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ, ಎಲ್ಲರೆದುರು ಅಲ್ಲ, ಕೇಳಿ: ಬಿಪಿ, ಶುಗರ್, ಎದೆನೋವು, ಉಬ್ಬಸ, ಸೊಂಟ ಅಥವಾ ಮಂಡಿ ನೋವು ಇದೆಯಾ? ಹೃದಯದ ತೊಂದರೆ ಇರುವವರು ಡಾಕ್ಟರ್ ಒಪ್ಪಿಗೆ ಪಡೆದೇ ಬರಲಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದುಡಿಯಬಾರದು. ಜೇಬಿನಲ್ಲಿ ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ಅವರ ಪಾದಕ್ಕೆ ಗಾಯವಾದರೂ ಗೊತ್ತಾಗದೆ ಹೋಗಬಹುದು. ಅದಕ್ಕೇ ಚಪ್ಪಲಿ ಬೇಡ, ಮುಚ್ಚಿದ ಶೂ ಕಡ್ಡಾಯ. ಟಿಟಿ ಇಂಜೆಕ್ಷನ್, ಅಂದರೆ ಧನುರ್ವಾಯು ತಡೆಯುವ ಲಸಿಕೆ, ಹತ್ತು ವರ್ಷದಿಂದ ಹಾಕಿಸಿಕೊಳ್ಳದವರು ಆರೋಗ್ಯ ಕೇಂದ್ರದಲ್ಲಿ ಕೇಳಲಿ.

5. ಸಾಮಾನು

ಹತ್ತು ಜನರಿಗೆ ಎರಡು ಸಲಿಕೆ, ಒಂದು ಗುದ್ದಲಿ, ಒಂದು ಹಾರೆ, ಕಳೆ ಕೀಳುವ ನಾಲ್ಕು ಕುರ್ಪಿ, ನಾಲ್ಕು ಬುಟ್ಟಿ, ಹತ್ತು ಬಕೆಟ್, ಕಸ ಎತ್ತಲು ಉದ್ದನೆಯ ಇಕ್ಕಳ, ದಪ್ಪ ಕೈಗವಸು ಸಾಕು. ಅರ್ಧ ಸಾಮಾನು ಯಾರದಾದರೂ ಮನೆಯಲ್ಲೋ ಹೊಲದಲ್ಲೋ ಇರುತ್ತದೆ. ಬಕೆಟ್ ದೊಡ್ಡದು ಬೇಡ, ಹತ್ತು ಲೀಟರಿನದು ತನ್ನಿ. ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಡಬ್ಬಿ, ಓಆರ್‌ಎಸ್ ಪೊಟ್ಟಣ ಪ್ರತಿ ಸಲವೂ ಇರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಹಾಕಿ ಕಲಸಿ. ಚಮಚ ಅಂದರೆ ಟೀ ಚಮಚ. ಉಪ್ಪು ಅಳತೆ ಮೀರಬಾರದು. ಬಿಪಿ, ಶುಗರ್, ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಕುಡಿಯಬಹುದಾ ಅಂತ ಮೊದಲೇ ಡಾಕ್ಟರ್‌ ಹತ್ತಿರ ಕೇಳಿಟ್ಟುಕೊಳ್ಳಲಿ.

6. ಆ 75 ನಿಮಿಷ ಹೀಗೆ

ಸುಮ್ನೆ ಬಂದು ಸಲಿಕೆ ಹಿಡಿದರೆ ಅದು ಕೂಲಿ ಕೆಲಸವಾಗುತ್ತದೆ, ಮಾರನೆಯ ದಿನ ಸೊಂಟ ಹಿಡಿಯುತ್ತದೆ. ವ್ಯಾಯಾಮ ಆಗಬೇಕಾದರೆ ಒಂದು ಕ್ರಮ ಬೇಕು.

ಮೊದಲ ಹತ್ತು ನಿಮಿಷ ವಾರ್ಮ್-ಅಪ್, ಅಂದರೆ ಮೈ ಬಿಸಿ ಮಾಡುವುದು. ಪಾರ್ಕಿನ ಸುತ್ತ ಎರಡು ಸುತ್ತು ಹಾಕಿ, ಚೀಲ ಹಿಡಿದು ದಾರಿಯ ಕಸ ಹೆಕ್ಕಿ. ಒಡೆದ ಬಾಟಲಿ, ಬ್ಲೇಡ್, ಸೂಜಿ ಕಂಡರೆ ಇಕ್ಕಳದಿಂದಲೇ ಎತ್ತಿ ಗಟ್ಟಿ ಡಬ್ಬಿಗೆ ಹಾಕಿ. ತೆಂಗಿನ ಚಿಪ್ಪು, ಹಳೆ ಟೈರು, ಕಪ್ಪುಗಳಲ್ಲಿ ನಿಂತ ನೀರು ಚೆಲ್ಲಿ. ಡೆಂಗಿ ಸೊಳ್ಳೆ ಹುಟ್ಟುವುದು ಅಂಥಲ್ಲೇ. ಆಮೇಲೆ ಹೆಗಲು, ಮಣಿಕಟ್ಟು, ಸೊಂಟ, ಹಿಮ್ಮಡಿ ತಿರುಗಿಸಿ.

ಮುಂದಿನ 45 ನಿಮಿಷ ಕೆಲಸ. ಇದನ್ನು ಹದಿನೈದು ನಿಮಿಷದ ಮೂರು ಸರದಿ ಮಾಡಿ. ಮೂರು ತಂಡ ಮಾಡಿಕೊಂಡು ಒಂದು ತಂಡಕ್ಕೆ ಅಗೆತ, ಒಂದಕ್ಕೆ ನೀರು ಹೊರುವುದು, ಒಂದಕ್ಕೆ ಕಳೆ ಕೊಡಿ. ಯಾರಾದರೊಬ್ಬರು ಸೀಟಿ ಊದಿದ ತಕ್ಷಣ ಕೆಲಸ ಬದಲಿಸಿ, ನಾಲ್ಕು ಗುಟುಕು ನೀರು ಕುಡಿಯಿರಿ. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. “ಇದೊಂದು ಗುಂಡಿ ಮುಗಿಸ್ತೀನಿ” ಅಂತ ಹಟ ಹಿಡಿಯುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರನ್ನೂ ಬದಲಿಸಿ. ಒಂದೇ ಸ್ನಾಯು 45 ನಿಮಿಷ ದುಡಿದರೆ ನೋವು ಗ್ಯಾರಂಟಿ.

ಸಲಿಕೆ ಹಿಡಿದಾಗ ಕಾಲು ಅಗಲಿಸಿ ನಿಲ್ಲಿ, ಒಂದು ಕಾಲು ಸ್ವಲ್ಪ ಮುಂದಿರಲಿ. ಮಣ್ಣು ಎತ್ತಿ ಪಕ್ಕಕ್ಕೆ ಹಾಕುವಾಗ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಹತ್ತು ಸಲಿಕೆ ಆದ ಮೇಲೆ ಮುಂದಿನ ಕೈ ಹಿಂದೆ, ಹಿಂದಿನ ಕೈ ಮುಂದೆ ಮಾಡಿ. ಮೊದಮೊದಲು ಎಡಗೈ ಮಾತು ಕೇಳುವುದಿಲ್ಲ, ರೂಢಿಯಾಗುತ್ತದೆ. ಬುಟ್ಟಿ ಎತ್ತುವಾಗ ಮಂಡಿ ಮಡಚಿ ಕೂತು, ಬುಟ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಕಾಲಿನ ಬಲದಿಂದ ಏಳಿ. ನೀರು ಹೊರುವಾಗ ಒಂದೇ ಕೈಯಲ್ಲಿ ತುಂಬಿದ ಬಕೆಟ್ ಬೇಡ. ಎರಡೂ ಕೈಯಲ್ಲಿ ಎಂಟೆಂಟು ಲೀಟರ್ ಇದ್ದರೆ ಬೆನ್ನು ನೆಟ್ಟಗಿರುತ್ತದೆ. ಅಷ್ಟು ಭಾರ ಬೇಡವಾದವರು ನಾಲ್ಕು ನಾಲ್ಕು ಲೀಟರ್ ಒಯ್ಯಲಿ. ಕಳೆ ಕೀಳಲು ಕುಕ್ಕರಗಾಲಿನಲ್ಲಿ ಕೂರುವುದು ಒಳ್ಳೆಯ ವ್ಯಾಯಾಮ. ಮಂಡಿ ನೋವಿರುವವರಿಗೆ ಒಂದು ಮಣೆ ಕೊಡಿ.

ಆಮೇಲೆ ಹತ್ತು ನಿಮಿಷ ನೆರಳಿನಲ್ಲಿ ನಿಧಾನ ನಡಿಗೆ, ತೊಡೆ, ಬೆನ್ನು, ಹೆಗಲು ಎಳೆಯುವ ವ್ಯಾಯಾಮ. ಜನ ಬಿಟ್ಟುಬಿಡುವುದು ಇದನ್ನೇ. ಬಿಡಬೇಡಿ. ಕೊನೆಯ ಹತ್ತು ನಿಮಿಷದಲ್ಲಿ ಸಾಮಾನು ತೊಳೆದು ಎಣಿಸಿ, ಕೈಕಾಲು ಸೋಪಿನಿಂದ ತೊಳೆದು, ಮುಂದಿನ ಸಲ ಏನು ಅಂತ ಮಾತಾಡಿ. ತಿಂಗಳಿಗೊಮ್ಮೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ಒಟ್ಟಿಗೆ ಕೂತು ತಿನ್ನಿ. ಗುಂಪು ಗಟ್ಟಿಯಾಗುವುದು ಹೀಗೆ. ತಟ್ಟೆ ಮಾತ್ರ ಮನೆಯಿಂದ ತನ್ನಿ.

7. ಯಾವ ಕಾಲಕ್ಕೆ ಯಾವ ಕೆಲಸ

ಜೂನ್ 5 ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. ಎಲ್ಲರೂ ಆಗಲೇ ಗಿಡ ನೆಡುತ್ತಾರೆ. ಬಳ್ಳಾರಿಯಲ್ಲಿ ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಒಂದು ಮಳೆ ಬಂದು ಆಮೇಲೆ ತಿಂಗಳು ಕೈಕೊಟ್ಟರೆ ಸಸಿ ಒಣಗುತ್ತದೆ. ಜುಲೈನಲ್ಲಿ ಗುಂಡಿ ತೆಗೆಯಿರಿ, ಆಗಸ್ಟ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ.

ಗುಂಡಿ ಎರಡು ಅಡಿ ಉದ್ದ, ಅಗಲ, ಆಳ ಇರಲಿ. ಗರಸು ನೆಲವಾದರೆ ಮೂರು ಅಡಿ. ಮೇಲ್ಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಆಳೆತ್ತರದ ಸಸಿಯಾದರೆ ಒಳ್ಳೆಯದು. ಬೇವು, ಹೊಂಗೆ, ಹುಣಸೆ, ಬಸರಿ ನಮ್ಮ ಬಿಸಿಲು ತಡೆಯುತ್ತವೆ. ಬಸರಿಗೆ ಜಾಗ ಜಾಸ್ತಿ ಬೇಕು. ಬೇಗ ಹಸಿರಾಗುತ್ತದೆ ಅಂತ ಕೋನೋಕಾರ್ಪಸ್ ಎಂಬ ವಿದೇಶಿ ಗಿಡ ನೆಡಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿದೆ. ಕರೆಂಟ್ ತಂತಿಯ ಕೆಳಗೆ ದೊಡ್ಡ ಮರ ಆಗುವ ಯಾವ ಸಸಿಯೂ ಬೇಡ.

ನೆಡುವಾಗ ಅತಿ ಹೆಚ್ಚು ತಪ್ಪಾಗುವುದು ಪ್ಲಾಸ್ಟಿಕ್ ಚೀಲದ ವಿಷಯದಲ್ಲಿ. ಕೆಲವರು ಚೀಲ ಸಮೇತ ಇಡುತ್ತಾರೆ, ಕೆಲವರು ಕಾಂಡ ಹಿಡಿದು ಎಳೆಯುತ್ತಾರೆ. ಎರಡೂ ಬೇಡ. ಚೀಲವನ್ನು ನೆಲದ ಮೇಲೆ ಮಲಗಿಸಿ, ಬ್ಲೇಡಿನಿಂದ ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಅಂಗೈಯಲ್ಲಿ ಎತ್ತಿ ಗುಂಡಿಗೆ ಇಳಿಸಿ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಬೆರಳಿನಿಂದ ಬಿಡಿಸಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗೆ ಇತ್ತೋ ಗುಂಡಿಯಲ್ಲೂ ಅಲ್ಲಿಯವರೆಗೇ ಇರಲಿ. ಕಾಂಡ ಹೂತರೆ ಕೊಳೆಯುತ್ತದೆ. ಆಸರೆಯ ಕೋಲಿಗೆ ಹಳೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ತಂತಿ ಬೇಡ. ಟ್ರೀ ಗಾರ್ಡ್, ಅಂದರೆ ಗಿಡದ ಸುತ್ತಿನ ಕಾವಲು ಬಲೆ, ಇಲ್ಲದಿದ್ದರೆ ಆಡು-ದನ ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಮುಳ್ಳುಕಂಟಿ ಕಟ್ಟಿದರೂ ಸರಿ.

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ, ಕೀಳಲು ಒಳ್ಳೆಯ ಹೊತ್ತು ಮಳೆ ಬಂದ ಮಾರನೆಯ ದಿನ. ನೆಲ ಮೆತ್ತಗಿದ್ದಾಗ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಹೂ ಬಿಡುವ ಮೊದಲೇ ಕೀಳಬೇಕು. ಹೂ ಬಿಟ್ಟಿದ್ದರೆ ಚೀಲಕ್ಕೆ ತುಂಬಿ ಕಳಿಸಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬರಿಗೈ ಬೇಡವೇ ಬೇಡ. ತುಂಬು ತೋಳಿನ ಅಂಗಿ, ಕೈಗವಸು, ಮಾಸ್ಕ್ ಹಾಕಿ. ಅದು ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ಕೆರಳಿಸುತ್ತದೆ. ಉಬ್ಬಸ ಇರುವವರಿಗೆ ಈ ಕೆಲಸ ಕೊಡಲೇಬೇಡಿ.

ಬಳ್ಳಾರಿ ಜಾಲಿ ಬೇರೆ ಥರದ ತಲೆನೋವು. ಮೇಲೆ ಕಡಿದರೆ ಬುಡದಿಂದ ಇನ್ನೂ ದಟ್ಟವಾಗಿ ಚಿಗುರುತ್ತದೆ. ಮುಳ್ಳು ಚಪ್ಪಲಿಯನ್ನೇ ದಾಟಿ ಚುಚ್ಚುತ್ತದೆ, ಒಳಗೆ ಮುರಿದು ಉಳಿದರೆ ಕೀವಾಗುತ್ತದೆ. ಮೊಳಕಾಲೆತ್ತರದ ಸಣ್ಣ ಗಿಡಗಳನ್ನು ಮಾತ್ರ ಬೇರು ಸಮೇತ ಕಿತ್ತುಹಾಕಿ. ದೊಡ್ಡದನ್ನು ಪಾಲಿಕೆಯವರ ಯಂತ್ರಕ್ಕೆ ಬಿಡಿ. ಜಾಲಿಯಾಗಲಿ ಬೇರೆ ಮರವಾಗಲಿ, ಕಡಿಯುವ ಮೊದಲು ಅನುಮತಿ ಕೇಳಿ. ರಾಜ್ಯದಲ್ಲಿ ಮರ ಸಂರಕ್ಷಣೆಗೆ 1976ರಿಂದಲೇ ಕಾಯ್ದೆ ಇದೆ.

ಚಳಿಗಾಲ, ಬೇಸಿಗೆಯ ಶುರುವಿನಲ್ಲಿ ಎಲೆ ಉದುರುತ್ತದೆ. ಸುಡಬೇಡಿ. ಮೂರು ಅಡಿ ಗುಂಡಿ ತೋಡಿ ಅರ್ಧ ಅಡಿ ಎಲೆ, ಮೇಲೆ ಸಗಣಿ ನೀರು, ಒಂದು ಬುಟ್ಟಿ ಮಣ್ಣು ಹೀಗೆ ಪದರ ಪದರ ಹಾಕಿ. ಒಳಗಿನ ತೇವ ಹಿಂಡಿದ ಬಟ್ಟೆಯಷ್ಟು ಇರಬೇಕು: ಮುಷ್ಟಿಯಲ್ಲಿ ಹಿಡಿದರೆ ಅಂಟಿಕೊಳ್ಳಬೇಕು, ನೀರು ತೊಟ್ಟಿಕ್ಕಬಾರದು. ಎರಡು ವಾರಕ್ಕೊಮ್ಮೆ ಸಲಿಕೆಯಿಂದ ತಿರುವಿ ಹಾಕುವುದು ತೋಳು, ಹೆಗಲು, ಹೊಟ್ಟೆ ಮೂರಕ್ಕೂ ಕೆಲಸ. ಇದಕ್ಕಿಂತ ಒಳ್ಳೆಯ ವ್ಯಾಯಾಮ ಪಾರ್ಕಿನಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕರಿಂದ ಆರು ತಿಂಗಳಲ್ಲಿ ಕಪ್ಪಗೆ, ಹುಡಿಹುಡಿಯಾದ ಗೊಬ್ಬರ ಸಿಗುತ್ತದೆ.

8. ಅಪಾಯಗಳು

ಕಲ್ಲಿನ ರಾಶಿ, ಎಲೆ ರಾಶಿ, ಉದ್ದ ಹುಲ್ಲಿಗೆ ನೇರ ಕೈ ಹಾಕಬೇಡಿ. ಮೊದಲು ಉದ್ದ ಕೋಲಿನಿಂದ ಬಡಿದು, ಕೆದಕಿ ನೋಡಿ. ನಾಗರ, ಕೊಳಕುಮಂಡಲ, ಚೇಳು ಎಲ್ಲವೂ ನಮ್ಮ ಕಡೆ ಇವೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರ-ನಾಟಿ ಔಷಧ ಅಂತ ಹೊತ್ತು ಕಳೆಯಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ.

ಬಿಸಿಲಿನ ಅಪಾಯ ಇನ್ನೂ ಮೋಸದ್ದು, ಮೆಲ್ಲಗೆ ಬರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೆಳೆತ ಅಂದ ತಕ್ಷಣ ಆ ವ್ಯಕ್ತಿಯ ಕೆಲಸ ಮುಗಿಯಿತು. ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸಿ, ಓಆರ್‌ಎಸ್ ಕೊಡಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. ಮೈಗೆ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ.

9. ಮಾರ್ಚ್‌ನಿಂದ ಜೂನ್: ನೀರಿನ ಸರದಿ

ಇಡೀ ವರ್ಷದ ಕೆಲಸ ಉಳಿಯುವುದೋ ಹೋಗುವುದೋ ಈ ನಾಲ್ಕು ತಿಂಗಳಲ್ಲಿ ಗೊತ್ತಾಗುತ್ತದೆ. ಲೆಕ್ಕ ನೋಡಿ. ಒಂದು ಸಸಿಗೆ ಒಂದು ಸಲಕ್ಕೆ 15 ಲೀಟರ್ ಅಂದರೆ ಇಪ್ಪತ್ತು ಸಸಿಗೆ 300 ಲೀಟರ್. ಎಂಟು ಲೀಟರಿನಂತೆ ಸುಮಾರು 38 ಬಕೆಟ್. ಹತ್ತು ಜನ ಹಂಚಿಕೊಂಡರೆ ತಲೆಗೆ ನಾಲ್ಕು ಬಕೆಟ್, ಕೈಗೊಂದರಂತೆ ಎರಡೇ ಸಲ ಓಡಾಟ. ಐದೇ ಜನ ಬಂದರೆ ನಾಲ್ಕು ಸಲ. ಆಗಲೂ ಆಗುವಂಥದ್ದೇ.

ವಾರಕ್ಕೆ ಎರಡು ಸಲ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಹಾಕಿ. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಬುಡದ ಸುತ್ತ ಎರಡು-ಮೂರು ಅಡಿ ಅಗಲದ ಪಾತಿ ಮಾಡಿ, ಒಣ ಎಲೆ ನಾಲ್ಕು ಬೆರಳು ದಪ್ಪ ಹೊದಿಸಿ. ಇದಕ್ಕೆ ಮಲ್ಚಿಂಗ್ ಅನ್ನುತ್ತಾರೆ, ತೇವ ಆರದಂತೆ ತಡೆಯುತ್ತದೆ. ಎಲೆ ಕಾಂಡಕ್ಕೆ ತಾಗದಿರಲಿ. ಎರೆ ಮಣ್ಣು ಬಿರುಕು ಬಿಟ್ಟಿದ್ದರೆ ಮೊದಲು ಬಿರುಕಿಗೆ ಹುಡಿ ಮಣ್ಣು ತುಂಬಿ, ಇಲ್ಲದಿದ್ದರೆ ನೀರೆಲ್ಲ ಸಂದಿಯಲ್ಲೇ ಇಳಿದುಹೋಗುತ್ತದೆ.

ಫೆಬ್ರವರಿ ಕೊನೆಯಲ್ಲೇ ಒಂದು ಹಾಳೆಯಲ್ಲಿ ಸರದಿ ಬರೆಯಿರಿ. ಮೇ ತಿಂಗಳಲ್ಲಿ ಮದುವೆ, ಜಾತ್ರೆ, ಊರಿಗೆ ಹೋಗುವುದು ಇದ್ದೇ ಇರುತ್ತದೆ. ಯಾರು ಯಾವ ವಾರ ಇರುವುದಿಲ್ಲ ಅಂತ ಮೊದಲೇ ಕೇಳಿ, ಅವರ ಹೆಸರಿನ ಎದುರು ಬದಲಿ ಹೆಸರು ಬರೆದು, ಹಾಳೆಯ ಫೋಟೋ ಎಲ್ಲರ ವಾಟ್ಸಾಪ್‌ಗೆ ಕಳಿಸಿ. ಒಂದು ಪ್ರತಿ ಮಾಲಿಯವರ ಹತ್ತಿರವೂ ಇರಲಿ. ಎರಡು ಬೇಸಿಗೆ ಹೀಗೆ ದಾಟಿಸಿದರೆ ಬೇವು, ಹೊಂಗೆಗೆ ನಿಮ್ಮ ಬಕೆಟ್ ಅಷ್ಟಾಗಿ ಬೇಕಾಗುವುದಿಲ್ಲ. ಆಗ ಪಾರ್ಕಿನ ಮುಂದಿನ ಮೂಲೆಗೆ ಇನ್ನೊಂದು ಅರ್ಜಿ ಬರೆಯಿರಿ.